ಪಕ್ಕದ ಸೀಟಿನ ಕಿವಿ

ಹೊಟ್ಟೆಕಿಚ್ಚು ಎಂಬ ಪದವನ್ನು ಮೊದಲು ಕಟ್ಟಿದವರು ಯಾರೋ ನನಗೆ ಗೊತ್ತಿಲ್ಲ. ಅವರಿಗೊಬ್ಬಳು ಓರಗಿತ್ತಿ ಇದ್ದಿರಬೇಕು ಎಂಬುದು ಮಾತ್ರ ಖಂಡಿತ. ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ನಮ್ಮ ಹಳೆಯ ಕಾರನ್ನು ತಾನೇ ಓಡಿಸಿಕೊಂಡು ಬಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಒತ್ತಿದ ದಿನ ನನಗೆ ಆ ಪದದ ಪೂರ್ತಿ ಅರ್ಥ ತಿಳಿಯಿತು. ಹೊಟ್ಟೆಯಲ್ಲಿ ನಿಜವಾಗಿಯೂ ಬೆಂಕಿ ಹತ್ತಿಕೊಳ್ಳುತ್ತದೆ. ಬೇಕಾದರೆ ಒಲೆ ಇಲ್ಲದೆ ಅಡುಗೆ ಮಾಡಬಹುದು.

ಆ ಕಾರು ಹನ್ನೆರಡು ವರ್ಷ ನಮ್ಮದಾಗಿತ್ತು. ನಮ್ಮ ಮನೆಗೆ ಬರುವಾಗಲೇ ಅದಕ್ಕೆ ನಾಲ್ಕು ವರ್ಷವಾಗಿತ್ತು. ಮೊದಲಿನ ಯಜಮಾನ ಅದನ್ನು ಹೇಗೆ ಬಾಳಿಸಿದ್ದನೋ, ಬರುವಾಗಲೇ ಅರ್ಧ ರೋಗ ಹೊತ್ತುಕೊಂಡು ಬಂದಿತ್ತು. ಆ ಹನ್ನೆರಡು ವರ್ಷವೂ ಸ್ಟೇರಿಂಗ್ ನಮ್ಮವರ ಕೈಯಲ್ಲಿ, ಸದ್ದು ನನ್ನ ಕಿವಿಯಲ್ಲಿ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಸೂಜಿ ಮೊಂಡಾದರೆ ನನಗೆ ಬಟ್ಟೆ ನೋಡಬೇಕಾಗಿಲ್ಲ, ಮಿಷನ್ನಿನ ಸದ್ದೇ ಹೇಳುತ್ತದೆ. ಕಾರೂ ಒಂದು ಮಿಷನ್ನೇ ತಾನೆ? ಪಕ್ಕದ ಸೀಟಿನಲ್ಲಿ ಕೂತವಳಿಗೆ ಬೇರೆ ಕೆಲಸವೂ ಇರಲಿಲ್ಲ. ಕೇಳುತ್ತ ಕೂತೆ.

ಅದರ ಗುಣಾವಗುಣಗಳೆಲ್ಲ ನನಗೆ ಬಾಯಿಪಾಠ. ಬೆಳಿಗ್ಗೆ ಕೀಲಿಯನ್ನು ಅರ್ಧ ತಿರುಗಿಸಿ, ಹಿಂದಿನಿಂದ ಬರುವ, ಪೆಟ್ರೋಲ್ ಎತ್ತುವ ಪಂಪಿನ ಗುಂಯ್ ಸದ್ದು ನಿಂತ ಮೇಲೆ ಪೂರ್ತಿ ತಿರುಗಿಸಬೇಕು. ಆತುರಪಟ್ಟರೆ ಕೆಮ್ಮಿ ಸುಮ್ಮನಾಗುತ್ತದೆ. ಎರಡನೇ ಗೇರು ಬೀಳುವ ಮುಂಚೆ ಒಂದು ಕ್ಷಣ ತಡೆಯಬೇಕು. ಹಿಂದಿನ ಎಡಬಾಗಿಲು ಒಳಗಿನಿಂದ ತೆಗೆಯುವುದಿಲ್ಲ. ನನ್ನ ಕಡೆಯ ವೈಪರ್ ಅರ್ಧ ದಾರಿಗೆ ಹೋಗಿ ಏನೋ ಮರೆತವರಂತೆ ನಿಲ್ಲುತ್ತದೆ. ವಾಹನಗಳು ದಟ್ಟವಾಗಿರುವ ಕಡೆ ನಿಂತುಬಿಟ್ಟರೆ ಬಿಸಿಯ ಮುಳ್ಳು ಮೇಲೇರುತ್ತದೆ, ಆಗ ಸುಡುಬಿಸಿಲಲ್ಲೂ ಹೀಟರ್ ಹಾಕಿಕೊಂಡು ನಾವೆಲ್ಲ ಬೇಯಬೇಕು. ಎಂಜಿನ್ ತಣ್ಣಗಿರಲಿ ಅಂತ ಸಂಸಾರ ಬೇಯುವುದು.

"ಏನೋ ಸದ್ದು ಬರ್ತಿದೆ ರೀ" ಎಂದು ನಾನು ಯಾವಾಗ ಹೇಳಿದರೂ ನಮ್ಮವರ ಉತ್ತರ ಎರಡೇ ಪದ: "ಅದು ಹಾಗೇ." ಅವರು ವಿಮಾ ಕಚೇರಿಯಲ್ಲಿ ಗುಮಾಸ್ತರು. ದಿನವಿಡೀ ಅಪಘಾತದ ಫೈಲುಗಳ ನಡುವೆ ಕೂರುವ ಮನುಷ್ಯ ಕಾರಿನಲ್ಲಿ ಕೂತ ಕೂಡಲೇ ಪ್ರಪಂಚದಲ್ಲಿ ಏನೂ ಆಗುವುದೇ ಇಲ್ಲ ಎಂಬಂತೆ ಆಡುತ್ತಿದ್ದರು. ಎಂಟು ವರ್ಷದ ಹಿಂದೆ ಬಲಗಡೆ ಮುಂದಿನ ಚಕ್ರದಿಂದ ಒಂದು ಗುಂಯ್‌ಗುಡುವಿಕೆ ಶುರುವಾಯಿತು. ಮೂರು ವಾರ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಪಂಕ್ಚರ್ ಹಾಕಿಸಲು ಹೋದಾಗ ಗ್ಯಾರೇಜಿನ ಮೇಸ್ತ್ರಿ ಚಕ್ರ ಅಲ್ಲಾಡಿಸಿ ನೋಡಿ ಹೌಹಾರಿದ.

"ಬೇರಿಂಗ್ ಪುಡಿಯಾಗಿದೆ ಸಾರ್. ಇನ್ನೊಂದು ವಾರ ಬಿಟ್ಟಿದ್ರೆ ಚಕ್ರ ಒಂದು ದಾರಿ, ನೀವೊಂದು ದಾರಿ."

ಮನೆಗೆ ಬಂದ ನಮ್ಮವರು ಅತ್ತೆಯ ಮುಂದೆ, "ನಂಗೆ ಅವತ್ತಿಂದಾನೂ ಅನುಮಾನ ಇತ್ತಮ್ಮ" ಎಂದರು. ಹಿತ್ತಲ ಗಿಡ ಮದ್ದಲ್ಲ, ಪಕ್ಕದ ಸೀಟಿನವಳ ಕಿವಿ ಕಿವಿಯಲ್ಲ.

ನಾನೂ ಓಡಿಸುತ್ತೇನೆ ಎಂದು ಕೇಳದ ವರ್ಷವಿಲ್ಲ. "ಈ ಗಾಡಿಗೆ ಕೈ ಗೊತ್ತಿರಬೇಕು ಕಣೇ. ಬೇರೆಯವರ ಕೈಗೆ ಬಗ್ಗಲ್ಲ. ಹೊಸದು ತಗೊಂಡಾಗ ಕಲಿಯುವಂತೆ" ಎನ್ನುತ್ತಿದ್ದರು. ಕಳೆದ ವರ್ಷ ಹೊಸದು ಬಂತು. ಕೇಳಿದೆ. "ಹೊಸ ಗಾಡಿ ಕಣೇ, ಗೀರು ಬಿದ್ರೆ?" ಎಂದರು. ಹಳೆಯದಕ್ಕೆ ಕೈ ಗೊತ್ತಿರಬೇಕು, ಹೊಸದಕ್ಕೆ ಕೈ ತಾಗಬಾರದು. ನನ್ನ ಕೈಗೆ ಸೂಜಿದಾರವೇ ಗತಿ.

ಹಳೆಯದನ್ನು ಮೈದುನನಿಗೆ ಕೊಟ್ಟರು. ಅವನು ಸರ್ವೆ ಕೆಲಸದವನು, ವಾರದಲ್ಲಿ ಐದು ದಿನ ಊರಲ್ಲಿರುವುದಿಲ್ಲ. ಹೆಂಡತಿಯನ್ನು ಮರುಮಾತಿಲ್ಲದೆ ಡ್ರೈವಿಂಗ್ ಶಾಲೆಗೆ ಸೇರಿಸಿದ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಆ ಹುಡುಗಿ ಮೂರೇ ತಿಂಗಳಲ್ಲಿ ಸ್ಟೇರಿಂಗ್ ಹಿಡಿದು ನಮ್ಮ ಗೇಟಿಗೆ ಬಂದಳು. ಯಾರ ಕೈಗೂ ಬಗ್ಗುವುದಿಲ್ಲ ಎಂದಿದ್ದ ಕಾರು ಅವಳ ಕೈಯಲ್ಲಿ ಕರುವಿನ ಹಾಗೆ ನಿಂತಿತ್ತು.

ಅತ್ತೆ ಇರುವುದು ನಮ್ಮ ಜೊತೆ. ಕಣ್ಣಿನ ಡಾಕ್ಟರ ಬಳಿಗೆ ಅವರನ್ನು ಕರೆದುಕೊಂಡು ಹೋಗುವ ಕೆಲಸವನ್ನು ಓರಗಿತ್ತಿ ತಾನಾಗಿ ವಹಿಸಿಕೊಂಡಳು. ಹೋಗಿ ಬಂದ ಅತ್ತೆ ಹೊಸಿಲು ದಾಟುವ ಮುಂಚೆಯೇ ಶುರು ಮಾಡಿದರು.

"ಎಷ್ಟು ಚೆನ್ನಾಗಿ ಓಡಿಸ್ತಾಳೆ ಅಂತೀಯ! ಹೊಟ್ಟೆ ನೀರು ಅಲ್ಲಾಡಲಿಲ್ಲ."

ನನ್ನ ಹೊಟ್ಟೆಯಲ್ಲಿ ಅಲ್ಲಾಡಲು ನೀರೇ ಇರಲಿಲ್ಲ, ಎಲ್ಲ ಕುದಿದು ಹೋಗಿತ್ತು.

ಇಷ್ಟೆಲ್ಲ ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ನನ್ನ ಕಿವಿಯನ್ನು ಕಿವಿ ಎಂದು ಮೊದಲು ಒಪ್ಪಿದವಳು ಅವಳೇ. ಅವಳು ಕಾರು ಓಡಿಸತೊಡಗಿದ ಮೊದಲ ವಾರ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಬಂತು.

"ಅಕ್ಕಾ, ಏನೋ ಕಿರುಚ್ತಿದೆ. ತಡೀರಿ, ಕೇಳಿಸ್ತೀನಿ." ಬಾನೆಟ್ ಎತ್ತಿದ ಸದ್ದು. ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದಳು.

"ಫ್ಯಾನ್ ಬೆಲ್ಟು ಸಡಿಲ ಆಗಿದೆ ಕಣೇ. ಬಿಗಿ ಮಾಡ್ಸು, ಬೇರೇನೂ ಇಲ್ಲ."

ಸಂಜೆ ಮತ್ತೆ ಫೋನ್. "ಅಕ್ಕಾ, ಬೆಲ್ಟೇ! ಯಾರಮ್ಮಾ ಹೇಳಿದ್ದು ಅಂತ ಮೇಸ್ತ್ರಿ ಕೇಳಿದ್ರು. ನಮ್ಮಕ್ಕ ಫೋನಲ್ಲೇ ಕೇಳಿ ಹೇಳಿದ್ರು ಅಂದೆ. ಬಾಯಿ ಬಿಟ್ಕೊಂಡು ನಿಂತಿದ್ರು."

ಅಲ್ಲಿಂದಾಚೆ ಅದೊಂದು ಪದ್ಧತಿಯೇ ಆಯಿತು. ಸದ್ದು ಬಂತೆಂದರೆ ನನಗೆ ಫೋನ್. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ, ಹೇಳುತ್ತಿದ್ದೆ, ಅವಳು ಹಾಗೇ ಮಾಡುತ್ತಿದ್ದಳು. ಒಮ್ಮೆಯೂ "ಹೌದಾ? ಖಂಡಿತಾನಾ?" ಎಂದು ಮರುಪ್ರಶ್ನೆ ಹಾಕಲಿಲ್ಲ. ರೇಡಿಯೇಟರಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಅದನ್ನು ಬದಲಾಯಿಸಿ ನೋಡು ಎಂದೆ. ನಾನು ನಾಲ್ಕು ವರ್ಷ ನಮ್ಮವರಿಗೆ ಹೇಳಿ ಸೋತ ಮಾತು ಅದು. ಬದಲಾಯಿಸಿದಳು. ಬಿಸಿಯ ಮುಳ್ಳು ಮತ್ತೆ ಮೇಲೇಳಲಿಲ್ಲ. ಅಂಗೈಯಗಲದ ಮುಚ್ಚಳವೊಂದಕ್ಕಾಗಿ ನಾವು ನಾಲ್ಕು ಬೇಸಿಗೆ ಬೆಂದಿದ್ದೆವು. ಆ ದಿನ ನನಗೆ ಹೆಮ್ಮೆಯಾಯಿತು, ಅದೇ ಹೊತ್ತಿನಲ್ಲಿ ಹೊಟ್ಟೆಯೂ ಉರಿಯಿತು. ಜ್ಞಾನ ನನ್ನದು, ಗಾಡಿ ಅವಳದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ನಾನು ಹನ್ನೆರಡು ವರ್ಷ ಕೂತು ಕೂಡಿಸಿದ್ದನ್ನು ಅವಳು ಒಂದೊಂದೇ ಫೋನಿನಲ್ಲಿ ಎತ್ತಿಕೊಂಡು ಹೋಗುತ್ತಿದ್ದಳು. ಅತ್ತೆಯ ಬಾಯಲ್ಲಂತೂ, "ಗಾಡಿಯನ್ನ ಹೊಸದರ ಹಾಗೆ ಮಾಡಿಬಿಟ್ಟಳು ಚಿಕ್ಕವಳು" ಎಂಬುದೇ ಮಾತು. ದೊಡ್ಡವಳು ಏನು ಮಾಡಿದಳೆಂದು ಯಾರೂ ಕೇಳಲಿಲ್ಲ.

ಒಂದು ಬುಧವಾರ ಸಂಜೆ ಕ್ಲಿನಿಕ್ಕು ಮುಗಿಸಿ ನಮ್ಮ ಮನೆಗೆ ಬಂದಳು. "ಬನ್ನಿ ಅಕ್ಕಾ, ಒಂದು ಸುತ್ತು ಹೋಗಿ ಬರೋಣ. ನಿಮ್ಮ ವೈಪರ್ ಸರಿ ಮಾಡ್ಸಿದೀನಿ" ಎಂದು ಕೈಹಿಡಿದು ಎಳೆದಳು. ನಿಮ್ಮ ವೈಪರ್ ಎಂದದ್ದು ಕೇಳಿ ಮನಸ್ಸು ಸ್ವಲ್ಪ ಮೆತ್ತಗಾಯಿತು. ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಸೀಟಿನಲ್ಲಿ ನನ್ನದೇ ಹಳ್ಳ ಇನ್ನೂ ಇತ್ತು.

ದೊಡ್ಡ ರಸ್ತೆಗೆ ಬಂದು ವೇಗ ಹೆಚ್ಚಿಸಿದಾಗ ಕೇಳಿಸಿತು. ಎಡಗಡೆ ಮುಂದಿನ ಚಕ್ರ, ನನ್ನ ಕಾಲಬಳಿಯೇ. ಸಣ್ಣ ಗುಂಯ್. ವೇಗ ಏರಿದರೆ ಏರುತ್ತದೆ, ಬಲಕ್ಕೆ ತಿರುಗಿದರೆ ಗಂಟಲು ದಪ್ಪವಾಗುತ್ತದೆ, ಎಡಕ್ಕೆ ತಿರುಗಿದರೆ ಅಡಗುತ್ತದೆ. ಎಂಟು ವರ್ಷದ ಹಿಂದಿನ ಅದೇ ಸದ್ದು, ಇನ್ನೊಂದು ಚಕ್ರದಿಂದ. ಹೇಳಬೇಕೆಂದು ಬಾಯಿ ತೆರೆದೇ ಇದ್ದೆ.

"ಅಕ್ಕಾ, ಭಾನುವಾರ ಅಣೆಕಟ್ಟು ನೋಡೋಕೆ ಹೋಗೋಣ ಅಂತ. ಎರಡು ಗಂಟೆ ದಾರಿ. ಅತ್ತೆ, ನಮ್ಮ ಪಾಪು, ನಾನು. ನೀವೂ ಬರ್ಬೇಕು" ಎಂದಳು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅವಳು ಮುಂದುವರಿಸಿದಳು: "ಅತ್ತೆಗೆ ಹಿಂದೆ ಕೂತ್ರೆ ವಾಂತಿ ಬರುತ್ತಂತೆ. ಅವ್ರು ಮುಂದೆ ಕೂತ್ಕೊಳ್ಳಲಿ. ನೀವು ಹಿಂದೆ ಪಾಪು ನೋಡ್ಕೊಂಡು ಕೂತ್ಕೊಳ್ಳಿ, ಆಯ್ತಾ?"

ಓಡಿಸುವ ಸೀಟು ನನಗೆ ಯಾವತ್ತೂ ಸಿಗಲಿಲ್ಲ. ಈಗ ಪಕ್ಕದ ಸೀಟೂ ಹೋಯಿತು. ಹನ್ನೆರಡು ವರ್ಷದ ನಂತರ ನಾನು ಮಗು ನೋಡಿಕೊಳ್ಳುವ ಹಿಂದಿನ ಸೀಟಿಗೆ ಇಳಿದಿದ್ದೆ. ಅವಳು ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳಿದ್ದಲ್ಲ. ಅದೇ ಇನ್ನೂ ಉರಿಸಿತು.

"ಅಂದ ಹಾಗೆ ಅಕ್ಕಾ, ಏನೋ ಗುಂಯ್ ಅಂತಿದೆ ಅಲ್ವಾ? ಟೈರಿನ ಸದ್ದಾ?" ಎಂದು ಕೇಳಿದಳು.

ನಾನು ಕಿಟಕಿಯ ಕಡೆ ನೋಡಿಕೊಂಡು ಹೇಳಿದೆ: "ಅದು ಹಾಗೇ."

"ಓ, ಸರಿ" ಎಂದಳು. ಅಷ್ಟೇ. ನಂಬಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುರುವಾರವಿಡೀ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಕೆಟ್ಟು ನಿಲ್ಲಲಿ ಎಂದು ಬಯಸಿದ್ದು ನಿಜ. ಯಾರಿಗಾದರೂ ಏನಾದರೂ ಆಗಲಿ ಎಂದು ಬಯಸಲಿಲ್ಲ. ದಾರಿಯ ಮಧ್ಯೆ ಕಾರು ನಿಲ್ಲಬೇಕು, ಬಿಸಿಲಲ್ಲಿ ಅತ್ತೆ ಇಳಿಯಬೇಕು, "ಇವಳನ್ನ ನಂಬಿ ಬಂದೆನಲ್ಲ" ಎನ್ನಬೇಕು. ಅಷ್ಟೇ ನನ್ನ ಆಸೆ. ಆದರೆ ಬೇರಿಂಗಿಗೆ ನನ್ನ ಆಸೆಯ ಅಳತೆ ಗೊತ್ತಿರುತ್ತದೆಯೇ? ಶುಕ್ರವಾರ ಎರಡು ಸಲ ಫೋನ್ ಎತ್ತಿಕೊಂಡೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ, "ಭಾನುವಾರಕ್ಕೆ ನನ್ನ ಹೊಸ ಸ್ವೆಟರ್ ತೆಗೆದಿಡು. ಚಿಕ್ಕವಳು ಮುಂದಿನ ಸೀಟೇ ಕೊಡ್ತೀನಿ ಅಂದಿದಾಳೆ" ಎಂದರು. ಫೋನ್ ಕೆಳಗಿಟ್ಟೆ. ಶನಿವಾರ ಅವಳೇ ಫೋನ್ ಮಾಡಿದಾಗ, ಅವಳ ಕ್ಲಿನಿಕ್ಕಿನಿಂದ ಹೊಲಿಯಲು ಬಂದಿದ್ದ ಪರದೆಗಳನ್ನೇ ನೆಪ ಮಾಡಿ, "ನಿಮ್ಮ ಡಾಕ್ಟರ ಪರದೆ ಹೊಲಿಯೋದಿದೆ, ನಾನು ಬರಲ್ಲ" ಎಂದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಂದಳು. ಅತ್ತೆ ಸ್ವೆಟರ್ ಹಾಕಿಕೊಂಡು ಮುಂದೆ ಕೂತರು. ಎರಡು ವರ್ಷದ ಪಾಪು ಹಿಂದೆ, ತನ್ನ ಪುಟ್ಟ ಸೀಟಿನಲ್ಲಿ ಪಟ್ಟಿ ಕಟ್ಟಿಸಿಕೊಂಡು ನನಗೆ ಕೈ ಬೀಸಿತು. ಓರಗಿತ್ತಿ ಕೀಲಿ ಅರ್ಧ ತಿರುಗಿಸಿ, ಕಾದು, ಆಮೇಲೆ ಪೂರ್ತಿ ತಿರುಗಿಸಿದಳು. ಹೇಳಿಕೊಟ್ಟವಳು ನಾನೇ. ಕಾರು ಹೊರಟಿತು. ನಾನು ಒಳಗೆ ಹೋಗಿ ಮಿಷನ್ನಿನ ಮುಂದೆ ಕೂತೆ.

ನಮ್ಮ ಬೀದಿಯ ತುದಿಯಲ್ಲಿ ಬಲಕ್ಕೆ ತಿರುಗಬೇಕು. ಕಾರು ತಿರುಗಿದಾಗ ಆ ಸದ್ದು ಕಿಟಕಿಯೊಳಗೆ ಬಂತು. ಅದೀಗ ಗುಂಯ್ ಅಲ್ಲ. ಗೊರಗೊರ, ಅದರ ನಡುವೆ ಕಟಕಟ. ಕಲ್ಲು ಅಗಿದ ಹಾಗೆ. ಹೊಲಿಯುತ್ತಿದ್ದುದನ್ನು ಬಿಟ್ಟು ಎದ್ದು ಬೀದಿಗೆ ಓಡಿದೆ. ಕಾರು ಕಾಣಲಿಲ್ಲ. ಫೋನ್ ಮಾಡಿದೆ. ಎತ್ತಲಿಲ್ಲ. ಓಡಿಸುವಾಗ ಫೋನ್ ಮುಟ್ಟದ ಒಳ್ಳೆಯ ಅಭ್ಯಾಸ ಅವಳದು.

ನಮ್ಮವರು ಬಕೆಟ್ ಇಟ್ಟುಕೊಂಡು ಹೊಸ ಕಾರು ತೊಳೆಯುತ್ತಿದ್ದರು.

"ರೀ, ಹತ್ತಿ. ಅವರ ಹಿಂದೆ ಹೋಗಬೇಕು. ಎಡಗಡೆ ಬೇರಿಂಗ್ ಹೋಗಿದೆ."

"ಏನೇ ನಿಂದು? ಹಳೇ ಗಾಡಿ ಅಂದ್ಮೇಲೆ ಸದ್ದು ಇರುತ್ತೆ. ಅದು ಹಾಗೇ..."

"ಅದು ಹಾಗಲ್ಲ ರೀ!" ನನ್ನ ಧ್ವನಿ ನನಗೇ ಹೊಸದಾಗಿತ್ತು. ಎದುರು ಮನೆಯ ಕಿಟಕಿ ತೆರೆಯಿತು. ನಮ್ಮವರು ಸೋಪಿನ ಕೈಯಲ್ಲೇ ಕೀಲಿ ತೆಗೆದುಕೊಂಡರು.

ಅಣೆಕಟ್ಟಿನ ದಾರಿಯಲ್ಲಿ ಆಮೇಲಿನ ಹನ್ನೆರಡು ಕಿಲೋಮೀಟರು ನಾನು ಹೇಗೆ ಕೂತಿದ್ದೆನೋ. ಪ್ರತಿ ತಿರುವಿನಲ್ಲೂ ಪಕ್ಕಕ್ಕೆ ಬಿದ್ದಿರುವ ಕಾರು ಕಾಣುತ್ತದೆ ಎಂದು ಕಣ್ಣು ಮುಚ್ಚುತ್ತಿದ್ದೆ. ಮನಸ್ಸಿನಲ್ಲಿ ಬರುತ್ತಿದ್ದುದು ಬರೀ ಆ ಕೈ ಬೀಸಿದ ಮಗು. "ಸ್ವಲ್ಪ ಬೇಗ ರೀ" ಎಂದರೆ ನಮ್ಮವರು, "ಹೊಸ ಗಾಡಿ ಕಣೇ" ಎನ್ನುತ್ತಿದ್ದರು. ಕೊನೆಗೆ ನಮ್ಮ ಪುಣ್ಯಕ್ಕೆ ರೈಲ್ವೆ ಗೇಟು ಹಾಕಿತ್ತು. ಗೇಟಿನಾಚೆಯೇ ಇಳಿಜಾರು. ಸಾಲಿನಲ್ಲಿ ಆರನೆಯದು ನಮ್ಮ ಹಳೆಯ ಕಾರು. ನಾನು ಬಾಗಿಲು ತೆರೆದು ಓಡಿದೆ.

"ಅಕ್ಕಾ! ಬಂದ್ರಾ!" ಎಂದು ಗಾಜು ಇಳಿಸಿ ಓರಗಿತ್ತಿ ನಕ್ಕಳು. ಪರದೆ ಬಿಟ್ಟು ಹಿಂದೆಯೇ ಬಂದೆ ಎಂದುಕೊಂಡಿದ್ದಳು.

ನಾನು ಎಡಚಕ್ರದ ಬಳಿ ಕೂತೆ. ಕೈ ಹತ್ತಿರ ಒಯ್ಯುವಷ್ಟರಲ್ಲೇ ಝಳ ಹೊಡೆಯಿತು, ಸುಟ್ಟ ಗ್ರೀಸಿನ ವಾಸನೆ. "ಗಾಡಿ ಪಕ್ಕಕ್ಕೆ ಹಾಕು. ನಿಧಾನ. ಎಲ್ರೂ ಇಳೀರಿ" ಎಂದೆ. ಗೇಟು ತೆರೆಯುತ್ತಿತ್ತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅತ್ತೆ, "ಏನೇ ಇವಳದು ರಂಪ, ನೆಟ್ಟಗೆ ಹೊರಟಿದ್ವಿ" ಎಂದು ಗೊಣಗುತ್ತ ಇಳಿದರು. ನಮ್ಮವರು ಜಾಕ್ ಹಾಕಿ ಚಕ್ರ ಎತ್ತಿ, ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಚಕ್ರ ಮಗುವಿನ ಹಾಲುಹಲ್ಲಿನ ಹಾಗೆ ಅತ್ತಿತ್ತ ಆಡಿತು.  ಅತ್ತೆ ಪಾಪುವನ್ನು ಎತ್ತಿ ಎದೆಗೆ ಒತ್ತಿಕೊಂಡರು.

ಮೇಸ್ತ್ರಿಗೆ ಫೋನ್ ಮಾಡಲು ನಮ್ಮವರು ಆಚೆ ಹೋದಾಗ ಓರಗಿತ್ತಿ ನನ್ನ ಪಕ್ಕಕ್ಕೆ ಬಂದು ನಿಂತಳು. ಮೆಲ್ಲಗೆ ಕೇಳಿದಳು.

"ಅಕ್ಕಾ, ಬುಧವಾರನೂ ಇದೇ ಸದ್ದಲ್ವಾ?"

"ಹೂಂ."

"ನಿಮಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಆಗ ಸಣ್ಣಗಿತ್ತು, ತಿಳಿಯಲಿಲ್ಲ ಎಂದಿದ್ದರೆ ನಂಬುತ್ತಿದ್ದಳು. ಅವಳು ನಂಬುತ್ತಾಳೆ ಎಂಬುದೇ ಆ ಸುಳ್ಳನ್ನು ತಡೆಯಿತು.

"ಗೊತ್ತಿತ್ತು" ಎಂದೆ.

ಅವಳು ಅತ್ತೆಯ ತೋಳಿನಿಂದ ಪಾಪುವನ್ನು ಇಸಿದುಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತಳು.

ಆಮೇಲಿನದನ್ನು ಹೇಳುವುದೇ ಕಷ್ಟ. ಅವಳು ಜಗಳಕ್ಕೆ ಬರುತ್ತಾಳೆ, ಮೈದುನ ಬಂದು ಕೂಗಾಡುತ್ತಾನೆ, ಅತ್ತೆ ಮಾತು ಬಿಡುತ್ತಾರೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡು ಕಾದೆ. ಏನೂ ಆಗಲಿಲ್ಲ. ಅವಳು ಗಂಡನಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಮೇಲಾಗಿ, "ಅಕ್ಕ ಮನೆಯಲ್ಲಿ ಕೂತೇ ಸದ್ದು ಕಂಡುಹಿಡಿದು ಓಡಿ ಬಂದ್ರು, ಇಲ್ಲದಿದ್ರೆ ನಾವ್ಯಾರೂ ಇರ್ತಿರಲಿಲ್ಲ" ಎಂದು ಎಲ್ಲರ ಮುಂದೆಯೂ ಹೇಳಿದಳು. ಅತ್ತೆ ಬಂದವರಿಗೆಲ್ಲ ನನ್ನ ಕಿವಿಯ ಕಥೆ ಹೇಳಿದರು. ನಮ್ಮವರು ಕಚೇರಿಯಲ್ಲೂ ಹೇಳಿದರಂತೆ. ಹನ್ನೆರಡು ವರ್ಷ ಬಾರದ ಹೊಗಳಿಕೆ ಒಂದು ಪಾಪದ ಬಾಲ ಹಿಡಿದುಕೊಂಡು ಬಂತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬೀದಿ ಬೀದಿಯಲ್ಲಿ ನಿಂತು ಸಾರುತ್ತಿದ್ದೆ. ಇಷ್ಟು ದಿನ ಅವಳ ಕೈ ಕಂಡು ಉರಿಯುತ್ತಿದ್ದವಳು ಈಗ ಅವಳ ಮನಸ್ಸು ಕಂಡು ಉರಿದೆ.

ಫೋನ್ ಮಾತ್ರ ಬರಲಿಲ್ಲ. ಆರೋಗ್ಯ ವಿಚಾರಿಸಲು ಬರುತ್ತಿತ್ತು, ಪಾಪು ಏನೋ ಹೇಳಿತೆಂದು ಬರುತ್ತಿತ್ತು. ಬಾನೆಟ್ ಎತ್ತಿದ ಸದ್ದಿನ ಫೋನ್ ಬರಲಿಲ್ಲ. ಬೆಳಗಿನ ಹೊತ್ತು ಮಿಷನ್ ನಿಲ್ಲಿಸಿ ಕಾಯುತ್ತಿದ್ದೆ.

ಎರಡು ತಿಂಗಳು ಹೋಯಿತು. ಮೊನ್ನೆ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿಯಿಂದ ಕರೆತಂದು ಗೇಟಿನಲ್ಲಿ ಇಳಿಸಿದಳು. ಎಂಜಿನ್ ಓಡುತ್ತಲೇ ಇತ್ತು. ಬೆಲ್ಟಿನ ಕಡೆಯಿಂದ ಒಂದು ಒಣ ಚರಚರ ಕೇಳಿಸಿತು, ನನಗೆ ತಡೆಯಲಾಗಲಿಲ್ಲ. ಕಿಟಕಿಯ ಬಳಿ ಹೋದೆ.

"ವಾಟರ್ ಪಂಪು ಹೋಗ್ತಿದೆ ಕಣೇ. ಈ ವಾರಾನೇ ಬದಲಾಯಿಸು. ಮುಳ್ಳು ಏರೋ ತನಕ ಕಾಯಬೇಡ."

ನಾನು ಹೇಳಿದ್ದು ನಿಜ. ಅಷ್ಟು ಶುದ್ಧವಾದ ಮಾತನ್ನು ಜೀವಮಾನದಲ್ಲಿ ಯಾರಿಗೂ ಹೇಳಿರಲಾರೆ.

ಅವಳು ತಲೆಯೆತ್ತಿ ನೋಡಿದಳು. ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಕೋಪವೂ ಇರಲಿಲ್ಲ. ಎಂದಿನ ಹಾಗೆಯೇ ನಕ್ಕಳು.

"ಹೌದಾ ಅಕ್ಕಾ? ಸರಿ, ಮೇಸ್ತ್ರಿ ಹತ್ರ ಒಂದ್ಸಲ ಕೇಳಿಬಿಡ್ತೀನಿ."

"ಕೇಳು" ಎಂದೆ. 

ಕಾರು ಹೊರಟು ಬೀದಿಯ ತುದಿಯಲ್ಲಿ ಬಲಕ್ಕೆ ತಿರುಗಿತು. ನಾನು ಗೇಟು ಹಿಡಿದುಕೊಂಡು ನಿಂತೇ ಇದ್ದೆ. ಒಂದು ಸದ್ದನ್ನೂ ಕೇಳದೆ, ಮೇಸ್ತ್ರಿ ಎಂಬ ಹೆಸರಿನಿಂದಲೇ ಅವಳ ನಂಬಿಕೆ ಗಳಿಸಿ ಕೂತಿರುವ ಆ ಗ್ಯಾರೇಜಿನ ಮೇಸ್ತ್ರಿಯನ್ನು ನೆನೆದು ನನ್ನ ಹೊಟ್ಟೆ ಉರಿಯಿತು.